ಸುಣ್ಣದ ಗೆರೆಯಾಚೆ ಗೋಗ್ರಾಸ

ನಿಶಿ ಕಸಾಯಿ, ಹೊರಡುವ ಮುನ್ನ

ಡೇರೆಯಲ್ಲಿ ಮಲಗುವ ಹುಚ್ಚು ನನ್ನ ಗಂಡ ರಘುವಿಗೆ ಯಾವಾಗ ಹಿಡಿಯಿತೋ ಗೊತ್ತಿಲ್ಲ. ಮೈಸೂರಿನಲ್ಲಿದ್ದಾಗ ಚಾಮುಂಡಿ ಬೆಟ್ಟಕ್ಕೂ ಬಸ್ಸಿನಲ್ಲೇ ಹೋಗುತ್ತಿದ್ದ ಮನುಷ್ಯ. ಟೋಕಿಯೋದ ನಿಶಿ ಕಸಾಯಿಗೆ ಬಂದು ಮನೆ ಮಾಡಿದ ಮೇಲೆ ಆಫೀಸಿನವರ ಮಾತು ಕೇಳಿ ಡೇರೆ, ಮಡಚುವ ಕುರ್ಚಿ, ಅಂಗೈಯಗಲದ ಒಲೆ ಎಲ್ಲ ತಂದು ನಮ್ಮ ಪುಟ್ಟ ಬಾಲ್ಕನಿಗೆ ತುಂಬಿದ. ಬಟ್ಟೆ ಒಣಗಿಸಲು ಜಾಗವಿಲ್ಲದೆ ನಾನು ದಿನಾ ಗೊಣಗುತ್ತಿದ್ದೆ. ಅವನು ದಿನಾ ನಗುತ್ತಿದ್ದ.

ಹೀಗಿರುವಾಗ ನಮ್ಮತ್ತೆ ಮೈಸೂರಿನಿಂದ ಬಂದರು. ಅವರು ಬಂದು ನಾಲ್ಕು ದಿನವೂ ಆಗಿರಲಿಲ್ಲ, ಇವನು ಕರಾವಳಿಯ ಗುಡ್ಡದ ಮೇಲೆ ಒಂದು ಹಳೆಯ ಬೊಕುಜೋದಲ್ಲಿ ಡೇರೆ ಹಾಕಲು ಜಾಗ ಗೊತ್ತುಮಾಡಿಯೇಬಿಟ್ಟಿದ್ದ. ಬೊಕುಜೋ ಎಂದರೆ ದನ ಸಾಕುವ ದೊಡ್ಡ ಹುಲ್ಲುಗಾವಲು. ತಾಯಿಗೆ ವಿವರಿಸುವಾಗ ಮಾತ್ರ, "ಒಂಥರಾ ಗೋಶಾಲೆ ಕಣಮ್ಮ, ತುಂಬಾ ಹಳೇದು" ಎಂದ. ಅತ್ತೆಯ ಮುಖ ಅರಳಿತು. ಬಂದಾಗಿನಿಂದ ಅವರಿಗೆ ಈ ಊರಿನಲ್ಲಿ ಒಂದು ಹಸುವೂ ಕಣ್ಣಿಗೆ ಬಿದ್ದಿಲ್ಲವೆಂಬ ಕೊರಗಿತ್ತು. ಮೈಸೂರಿನಲ್ಲಿ ಬೆಳಗ್ಗೆ ಎದ್ದು ಹಿಂದಿನ ಬೀದಿಯ ಕೊಟ್ಟಿಗೆಗೆ ಹೋಗಿ ಹಸುವಿಗೊಂದು ತುತ್ತು ಕೊಡದೆ ಅವರು ಕಾಫಿ ಕುಡಿದವರಲ್ಲ.

ನನಗೂ ಅದು ಹಾಲಿನ ಹಸುಗಳ ಜಾಗವೆಂದೇ ಭಾವನೆ. ಈ ದೇಶದಲ್ಲಿ ಬೊಕುಜೋ ಎಂದ ಕಡೆಯೆಲ್ಲ ಐಸ್‌ಕ್ರೀಂ ಮಾರುತ್ತಾರೆ. ಹಾಗಾಗಿ ನಾನು ಇನ್ನೇನನ್ನೂ ಕೇಳಲಿಲ್ಲ. ಅತ್ತೆ ಚಪಾತಿ ಲಟ್ಟಿಸಿದರು, ಮೈಸೂರಿನಿಂದ ತಂದಿದ್ದ ಬೆಲ್ಲದ ಅಚ್ಚನ್ನು ಒಡೆದು ಡಬ್ಬಿಗೆ ಹಾಕಿಕೊಂಡರು. ಅರಿಶಿನ ಕುಂಕುಮದ ಭರಣಿಯೂ ಚೀಲ ಸೇರಿತು.

ಇವಾತೆ ಕರಾವಳಿ, ಗೋಡೆ ಮತ್ತು ಗುಡ್ಡ

ಸಮುದ್ರ ತೀರಕ್ಕೆ ಬಂದು ಸಮುದ್ರವೇ ಕಾಣದಿದ್ದರೆ ಹೇಗಿರುತ್ತದೆ? ಬಾಡಿಗೆ ಕಾರು ಬೆಟ್ಟ ಇಳಿದು ಊರಿಗೆ ಬಂದಾಗ ನಮ್ಮೆದುರು ನಿಂತದ್ದು ಕಾಂಕ್ರೀಟಿನ ಗೋಡೆ. ಮೂರು ಮಹಡಿ ಮನೆಗಿಂತ ಎತ್ತರ, ಊರಿನ ಈ ತುದಿಯಿಂದ ಆ ತುದಿಯವರೆಗೆ. ಅದರಾಚೆ ಅಲೆ ಹೊಡೆಯುವ ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ. ಗೋಡೆಯ ಈಚೆ ಒಂದು ಕಾಲಕ್ಕೆ ಬೀದಿಗಳಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಹುಲ್ಲಿನ ನಡುವೆ ಒಂದೆರಡು ಮನೆಗಳ ಮೆಟ್ಟಿಲು ಮಾತ್ರ ಉಳಿದಿದ್ದವು. ಭೂಕಂಪವಾಗಿ, ಸಮುದ್ರ ಊರೊಳಗೆ ನುಗ್ಗಿ ಎಷ್ಟೋ ವರ್ಷ ಕಳೆದಿತ್ತು. ಟೋಕಿಯೋದಲ್ಲಿ ಕುಳಿತು ನಾನು ಅದನ್ನು ಮುಗಿದ ಕಥೆಯೆಂದುಕೊಂಡಿದ್ದೆ. ರಘು ಕಾರನ್ನು ನಿಲ್ಲಿಸದೆ ಮುಂದಕ್ಕೆ ಓಡಿಸಿದ.

ಗುಡ್ಡದ ಮೇಲೆ ಬೇರೆಯೇ ಲೋಕ. ಕಣ್ಣು ಹಾಯುವಷ್ಟು ಹಸಿರು, ಅದರ ಅಂಚಿನಲ್ಲಿ ಕೊನೆಗೂ ಸಮುದ್ರ, ನಡುವೆ ಕೆಂಪು ಮಣ್ಣಿನ ಬಣ್ಣದ ದನಗಳು. ಬೊಕುಜೋದ ಒಡತಿ ಸಸಾಕಿ ಸಾನ್ ನಮ್ಮನ್ನು ಎದುರುಗೊಂಡರು. ಅರವತ್ತು ದಾಟಿದ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು, ಕುತ್ತಿಗೆಗೆ ಸುತ್ತಿದ ಟವೆಲ್. ಅವರ ಮಾತಿನಲ್ಲಿ ಆ ಕಡೆಯ ಹಳ್ಳಿಯ ಎಳೆತ ಎಷ್ಟಿತ್ತೆಂದರೆ ರಘುವಿನ ಆಫೀಸಿನ ಜಪಾನೀಸ್ ಮೊದಲ ವಾಕ್ಯಕ್ಕೇ ಕೈಕೊಟ್ಟಿತು. ಇಲ್ಲಿಯ ಶಾಲೆಗೇ ಹೋಗುವ ನಮ್ಮ ಮಗಳು ಇಂಚರ ಅನುವಾದಕ್ಕೆ ನಿಂತಳು.

"ಅಜ್ಜಿ, ದೇ ಕ್ಯಾರೀಡ್ ಸಾಲ್ಟ್! ಈ ಕೌಸ್‌ದು ಅಜ್ಜ, ಅಜ್ಜಂದು ಅಜ್ಜ, ಎಲ್ಲಾ" ಎಂದಳು. ಸಮುದ್ರದ ನೀರು ಕುದಿಸಿ ತೆಗೆದ ಉಪ್ಪನ್ನು ಇದೇ ತಳಿಯ ದನಗಳ ಬೆನ್ನಿಗೆ ಹೇರಿ ಬೆಟ್ಟ ದಾಟಿಸುತ್ತಿದ್ದರಂತೆ. ಸಸಾಕಿ ಸಾನ್ ಅವರ ಮನೆತನ ತಲೆತಲಾಂತರದಿಂದ ಅದೇ ಗುಡ್ಡದಲ್ಲಿದೆ.

"ದುಡಿದು ಉಣ್ಣೋ ದನ. ಅದಕ್ಕೇ ನೋಡು ಎಷ್ಟು ಲಕ್ಷಣವಾಗಿವೆ" ಎಂದರು ಅತ್ತೆ. ದಾರಿಯ ಪಕ್ಕದಲ್ಲಿ ಎದೆಯೆತ್ತರದ ಕಲ್ಲೊಂದಿತ್ತು. ಮುಂದೆ ಹೂವು, ಒಂದು ಲೋಟ ನೀರು. ಸಸಾಕಿ ಸಾನ್ ಅದರ ಮುಂದೆ ನಿಂತು ಕೈಮುಗಿದು ಮುಂದೆ ಹೋದರು. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. "ಇಲ್ಲೂ ಬಸವಣ್ಣನ ಗುಡಿ ಇದೆ ಅಂತ ನೀನ್ಯಾಕೋ ಹೇಳಲಿಲ್ಲ?" ಎಂದು ಮಗನನ್ನು ಗದರಿದರು.

ಡೇರೆ ಹಾಕುವಾಗ ರಘುವಿನ ಮಾನ ಹೋದದ್ದನ್ನು ಹೆಚ್ಚು ಹೇಳುವುದಿಲ್ಲ. ಪಕ್ಕದ ಡೇರೆಯವರು ನಾವು ಎರಡು ಕೋಲು ಜೋಡಿಸುವಷ್ಟರಲ್ಲಿ ತಮ್ಮದನ್ನು ನಿಲ್ಲಿಸಿ, ಬಾಗಿಲ ಮುಂದಿನ ಹುಲ್ಲನ್ನು ಅಂಗೈಯಷ್ಟು ಪೊರಕೆಯಿಂದ ಗುಡಿಸಿ, ಶೂಗಳನ್ನು ಸಾಲಾಗಿ ಜೋಡಿಸಿ, ಕುರ್ಚಿಯಲ್ಲಿ ಕೂತು ಸಮುದ್ರ ನೋಡುತ್ತಿದ್ದರು. ಹುಲ್ಲನ್ನು ಗುಡಿಸುವವರನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಅವರೇ ಸುಮಿಮಾಸೆನ್ ಎನ್ನುತ್ತಾ ಬಂದು, ತಾವೇ ತಪ್ಪು ಮಾಡಿದವರ ಹಾಗೆ ಬಗ್ಗಿ ಬಗ್ಗಿ, ನಮ್ಮ ಡೇರೆಯನ್ನೂ ನಿಲ್ಲಿಸಿಕೊಟ್ಟರು.

ಬೆಳಗ್ಗೆ, ಬೇಲಿಯ ಬಾಗಿಲಲ್ಲಿ

ನಾನು ಕಣ್ಣುಬಿಟ್ಟಾಗ ಅತ್ತೆ ಡೇರೆಯಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ದೂರದಲ್ಲಿ ಮಾವಿನ ಚಿಗುರಿನ ಬಣ್ಣದ ಸೀರೆ. ಬೇಲಿಯ ಒಳಗೆ!

ಓಡಿದೆ. ಓಡುತ್ತಿದ್ದವಳು ಹತ್ತಿರ ಹೋಗುತ್ತಿದ್ದಂತೆ ನಿಧಾನವಾದೆ, ಯಾಕೆಂದರೆ ನೋಟ ಅಷ್ಟು ಚೆಂದವಿತ್ತು. ಸ್ನಾನ ಮಾಡಿ ಒದ್ದೆ ಕೂದಲು ಗಂಟುಹಾಕಿಕೊಂಡ ಅತ್ತೆ. ಅವರ ಮುಂದೆ ಕೆಂಪನೆಯ ಕಡಸು, ಹಣೆಗೆ ಅರಿಶಿನ, ಅದರ ಮೇಲೆ ಕುಂಕುಮ. ಚಪಾತಿಯಲ್ಲಿ ಬೆಲ್ಲ ಸುತ್ತಿ ಬಾಯಿಗೆ ಹಿಡಿದರೆ ಅದು ಅವರ ಅಂಗೈಯನ್ನೆಲ್ಲ ನೆಕ್ಕುತ್ತಿತ್ತು. ಹಿಂದೆ ಸಮುದ್ರದ ಮೇಲೆ ಸೂರ್ಯ. ನಾನು ಬೇಲಿಯ ಹೊರಗೆ ನಿಂತು ಫೋಟೋ ತೆಗೆದೆ.

"ಇವಳ ಹೆಸರು ಗೌರಿ" ಎಂದರು ಅತ್ತೆ. "ನೋಡೇ, ಬಾಗಿಲಿಗೆ ರಂಗೋಲಿ ಕೂಡ ಇಟ್ಟಿದಾರೆ ಪಾಪ. ಎಳೆ ಸರಿಯಾಗಿ ಬಂದಿಲ್ಲ, ನಾನೊಂದು ಹೂ ಬಿಟ್ಟು ಬಂದೆ. ಯಾಕೋ ಬೆರಳು ಉರೀತಿದೆ."

ಆಗ ನಾನು ಕೆಳಗೆ ನೋಡಿದೆ. ಬೇಲಿಯ ಬಾಗಿಲಿನ ಅಗಲಕ್ಕೆ ಬಿಳಿ ಪುಡಿಯ ದಪ್ಪ ಪಟ್ಟಿ. ಅದರ ಒಂದು ತುದಿಯಲ್ಲಿ ಅತ್ತೆಯ ಬೆರಳಿನಿಂದ ಮೂಡಿದ ಎಂಟೆಸಳಿನ ಹೂ. ಪಕ್ಕದಲ್ಲಿ ಔಷಧಿ ವಾಸನೆಯ ನೀರು ತುಂಬಿದ ತೊಟ್ಟಿ. ಅದರ ಮೇಲೆ ಜಪಾನೀಸ್ ಬೋರ್ಡು. ನನಗೆ ಓದಲು ಬಂದದ್ದು ಒಂದೇ ಪದ, 'ಬೇಡ'. ಏನು ಬೇಡವೋ ತಿಳಿಯಲಿಲ್ಲ.

ಅಷ್ಟರಲ್ಲಿ ಬಕೆಟ್ ಬಿದ್ದ ಸದ್ದು. ಸಸಾಕಿ ಸಾನ್ ಬಂದಿದ್ದರು. ಅವರು ಕಿರುಚಲಿಲ್ಲ. ಬಿದ್ದ ಬಕೆಟನ್ನೂ ಎತ್ತಲಿಲ್ಲ. ಅತ್ತೆಯ ಮುಖ ನೋಡಿ, ಗೌರಿಯ ಹಣೆ ನೋಡಿ, ಕೊನೆಗೆ ಅತ್ತೆಯ ಕಾಲಿನ ರಬ್ಬರ್ ಚಪ್ಪಲಿಯ ಮೇಲೆ ಕಣ್ಣು ನೆಟ್ಟು ನಿಂತುಬಿಟ್ಟರು. ಆಮೇಲೆ ಮೆಲ್ಲಗೆ, ಮಗುವಿನೊಂದಿಗೆ ಮಾತಾಡುವಂತೆ, ಅನುವಾದ ಮಾಡುವ ಹುಡುಗಿಯನ್ನು ಕರೆಯಿರಿ ಎಂದರು. ಅಷ್ಟು ನನಗೂ ಅರ್ಥವಾಯಿತು.

ಸಸಾಕಿ ಸಾನ್ ಅಂಗಳ

ನಿದ್ದೆಗಣ್ಣಿನ ಇಂಚರಳನ್ನು ನಡುವೆ ನಿಲ್ಲಿಸಿಕೊಂಡು ಅಂಗಳದಲ್ಲಿ ವಿಚಾರಣೆ ನಡೆಯಿತು.

"ಅಜ್ಜಿ, ಇಂಡಿಯಾದಿಂದ ಯಾವಾಗ ಬಂದಿದ್ದು ಅಂತ ಕೇಳ್ತಿದಾರೆ."

"ಮೊನ್ನೆ ಮೊನ್ನೆ ಬಂದೆ ಅಂತ ಹೇಳು, ಪುಟ್ಟಿ."

"ಅಲ್ಲಿ ಕೌಸ್ ಹತ್ರ ಹೋಗಿದ್ರಾ ಅಂತೆ."

ಅತ್ತೆಗೆ ಹೆಮ್ಮೆ. "ಹೋಗದೆ ಇರ್ತೀನಾ? ದಿನಾ ಹೋಗ್ತೀನಿ ಅನ್ನು. ವಿಮಾನ ಹತ್ತೋ ದಿನ ಕೂಡ ಗೋಗ್ರಾಸ ಕೊಟ್ಟೇ ಹೊರಟಿದ್ದು."

ಇಂಚರ ಹೇಳುತ್ತಾ ಹೋದಂತೆ ಸಸಾಕಿ ಸಾನ್ ಮುಖದ ರಕ್ತ ಇಳಿಯುತ್ತಾ ಹೋಯಿತು.

"ಇದೇ ಚಪ್ಪಲೀನಾ ಅಂತೆ."

"ಇದೇ. ಕಾಲಿಗೆ ಹಗುರ. ಏರ್‌ಪೋರ್ಟಿನಲ್ಲಿ ಒದ್ದೆ ಜಮಖಾನ ಹಾಸಿದ್ರಲ್ಲ, ಯಾರೋ ನೀರು ಚೆಲ್ಲಿದಾರೆ ಅಂತ ನಾನು ಪಕ್ಕದಲ್ಲೇ ಹಾದು ಬಂದೆ. ಒದ್ದೇನೂ ಆಗಲಿಲ್ಲ ಅಂತ ಹೇಳು."

ರಘು ತಲೆಯ ಮೇಲೆ ಕೈಹೊತ್ತು ಕೂತ. ಆ ಜಮಖಾನದಲ್ಲಿದ್ದದ್ದು ನೀರಲ್ಲ, ಕಾಲಿನ ರೋಗಾಣು ಸಾಯಿಸುವ ಔಷಧಿ ಎಂಬುದು ಅವನಿಗೆ ಗೊತ್ತಿತ್ತು. ಬೇಲಿಯ ಸುಣ್ಣದ ಗೆರೆಯೂ ಅದಕ್ಕಾಗಿಯೇ. ಅದನ್ನು ತುಳಿದೇ ಒಳಗೆ ಹೋಗಬೇಕು. ರಂಗೋಲಿ ತುಳಿಯಬಾರದೆಂದು ನಮ್ಮತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಎಚ್ಚರಿಕೆಯಿಂದ ದಾಟಿ ಹೋಗಿದ್ದರು. ಮೈಸೂರಿನ ಕೊಟ್ಟಿಗೆಯ ಮಣ್ಣು ಎಲ್ಲಿಯೂ ಒಂದು ಹನಿ ಔಷಧಿ ಸೋಕದೆ, ಅವರ ಭಕ್ತಿಯ ಕಾವಲಿನಲ್ಲಿ, ನೇರ ಗೌರಿಯ ಬಳಿಗೆ ಬಂದಿತ್ತು.

"ಅಲ್ಲಿ ಯಾವುದಾದ್ರೂ ಕೌ ಸಿಕ್ ಆಗಿತ್ತಾ ಅಂತೆ, ಅಜ್ಜಿ."

ಅತ್ತೆ ಯೋಚಿಸಿದರು. ನಾನು ಮನಸ್ಸಿನಲ್ಲೇ ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ಬೇಡಿಕೊಂಡೆ.

"ಒಂದಕ್ಕೆ ಬಾಯಲ್ಲಿ ಜೊಲ್ಲು ಸುರೀತಿತ್ತು. ಕುಂಟುತಾನೂ ಇತ್ತು, ಪಾಪ. ಕಾಲುಬಾಯಿ ಜ್ವರ ಇರಬೇಕು ಅಂದ ಗೌಳಿ. ನಾನು ಅದಕ್ಕೇ ಎರಡು ತುತ್ತು ಜಾಸ್ತಿ ಕೊಟ್ಟೆ."

ಇಂಚರಳ ಕೈ ಹಿಡಿದು ಅದನ್ನೊಂದು ಹೇಳಬೇಡ ಎನ್ನಬೇಕೆಂದು ನಾನು ಮುಂದೆ ಬಂದೆ. ಅವಳು ಆಗಲೇ ಹೇಳಿಬಿಟ್ಟಿದ್ದಳು. ಅಜ್ಜಿಯ ಮಾತನ್ನು ಅಂಗಳದ ನಡುವೆ ನಿಂತು ಕೈಸನ್ನೆಯಿಂದ ಜೊಲ್ಲು ಸುರಿಸಿ, ಕುಂಟಿ ಕೂಡ ತೋರಿಸಿದ್ದಳು.

ಸಸಾಕಿ ಸಾನ್ ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಸೊಂಟ ಬಗ್ಗಿಸಿ, ನಮ್ಮ ಮುಂದೆ ತಲೆ ತಗ್ಗಿಸಿ ನಿಂತರು. ಬಹಳ ಹೊತ್ತು ಏಳಲಿಲ್ಲ.

"ಏನಂತೆ?" ಎಂದೆ.

"ಸಾರಿ ಅಂತಿದಾರೆ" ಎಂದಳು ಇಂಚರ. ಅವಳಿಗೂ ಗಲಿಬಿಲಿ. "ಆ ಗೆರೆ ಏನು ಅಂತ ನಮಗೆ ನಿನ್ನೆ ಎಕ್ಸ್‌ಪ್ಲೇನ್ ಮಾಡ್ಲಿಲ್ಲ ಅಂತೆ. ಅವರದೇ ತಪ್ಪು ಅಂತೆ."

ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಹಸು ಒಂದು ಕನಕಾಂಬರದ ಗಿಡ ಮೇಯ್ದರೆ ಆ ಮನೆಯ ಹಿರಿಯರವರೆಗೆ ಜಾಲಾಡಿಬಿಡುತ್ತಾರೆ. ಇಲ್ಲಿ ನಾವು ಇವರ ಇಡೀ ಕೊಟ್ಟಿಗೆಗೆ ಸಾವನ್ನು ಹೊತ್ತು ತಂದಿರಬಹುದು, ಕ್ಷಮೆ ಕೇಳುತ್ತಿರುವವರು ಇವರು! ಬಾಯಿಗೆ ಬಂದಂತೆ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಬಗ್ಗಿದ ಬೆನ್ನು ನೋಡಿ ನನಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು.

ಅಡಿಗೆಮನೆಯ ಕಿಟಕಿಯಿಂದ

ದನದ ಡಾಕ್ಟರರು ಬಂದರು. ಬಿಳಿ ಉಡುಪು ತೊಟ್ಟು ಒಂದೊಂದೇ ದನದ ಬಾಯಿ ಬಿಡಿಸಿ, ಗೊರಸು ಎತ್ತಿ ನೋಡಿದರು. ಗೌರಿಯನ್ನು ಬೇರೆ ಕಟ್ಟಿದರು. ನಮ್ಮ ಶೂ, ಡೇರೆ, ಕಾರಿನ ಚಕ್ರಗಳಿಗೆಲ್ಲ ಔಷಧಿ ಹೊಡೆದರು. ಅತ್ತೆಯ ಚಪ್ಪಲಿ ಸುಡಬಹುದೇ ಎಂದು ಸಸಾಕಿ ಸಾನ್ ಅಪ್ಪಣೆ ಕೇಳಿದರು. ಸೀರೆಯ ಕೆಳಗೆ ಬೊಕುಜೋದ ರಬ್ಬರ್ ಬೂಟು ಹಾಕಿಕೊಂಡು ಅಡಿಗೆಮನೆಯಲ್ಲಿ ಕೂತಿದ್ದ ಅತ್ತೆಗೆ ಅಷ್ಟು ಹೊತ್ತಿಗೆ ವಿಷಯ ತಿಳಿದಿತ್ತು. ಅವರು ಮಾತಾಡದೆ ಕೂತದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಡಾಕ್ಟರರು ಹೇಳಿದ್ದಿಷ್ಟು: ಈಗ ರೋಗದ ಗುರುತಿಲ್ಲ, ಆದರೆ ಕಾದು ನೋಡಬೇಕು. ಒಂದು ದನಕ್ಕೆ ಬಂದರೂ ಎಲ್ಲವನ್ನೂ ಕೊಲ್ಲಬೇಕು. ಇಲ್ಲಿನ ನಿಯಮ ಹಾಗಿದೆ. ನಮ್ಮ ಊರುಗಳಲ್ಲಿ ಬೇವಿನ ಸೊಪ್ಪು ಕಟ್ಟಿ, ಅರಿಶಿನ ಹಚ್ಚಿ, ಹದಿನೈದು ದಿನದಲ್ಲಿ ಎದ್ದು ನಿಲ್ಲುತ್ತದೆ ಎನ್ನುವ ಕಾಯಿಲೆಗೆ ಇಲ್ಲಿ ಗುಡ್ಡವೇ ಖಾಲಿಯಾಗುತ್ತದೆ.

ಖಾಲಿಯಾಗುವುದೇನೆಂದು ಸಸಾಕಿ ಸಾನ್ ಆಗಲೇ ಒಮ್ಮೆ ಕಂಡವರು. ಚಹ ಸುರಿಯುತ್ತಾ, ಇಂಚರ ಕೇಳಿದ್ದಕ್ಕೆ, ಅವರು ಸುಮ್ಮನೆ ಹೇಳಿದರು. ಭೂಕಂಪದ ವರ್ಷ ಕೆಳಗಿನ ಕೊಟ್ಟಿಗೆಯಲ್ಲಿದ್ದವನ್ನೆಲ್ಲ ಸಮುದ್ರ ಒಯ್ದಿತು. ಗುಡ್ಡದ ಮೇಲಿದ್ದ ಕೆಲವು ಉಳಿದವು. ಉಳಿದವಕ್ಕೆ ಗುಡ್ಡದ ಹುಲ್ಲು ತಿನ್ನಿಸುವಂತಿರಲಿಲ್ಲ, ಒಡೆದ ಅಣುಸ್ಥಾವರದ ವಿಷ ಗಾಳಿಯಲ್ಲಿ ಬಂದು ಹುಲ್ಲಿನ ಮೇಲೆ ಕೂತಿತ್ತು. ನೆಲವನ್ನೆಲ್ಲ ಉತ್ತು ಹೊಸ ಹುಲ್ಲು ಬಿತ್ತಿ, ಉಳಿದ ಹಸುಗಳ ಕರುಗಳಿಂದ ಮತ್ತೆ ಈ ಮಂದೆ ಕಟ್ಟಿದರು. ಇನ್ನೊಂದು ಸಲ ಕಟ್ಟುವ ವಯಸ್ಸು ಅವರದಲ್ಲ. ಅದನ್ನು ಅವರು ಹೇಳಲಿಲ್ಲ, ನಮಗೇ ಕಾಣುತ್ತಿತ್ತು.

ಆಮೇಲೆ ಅವರು ಫೋನ್ ಹಿಡಿದು ಕೂತರು. ಸುತ್ತಲಿನ ದನ ಸಾಕುವವರಿಗೆಲ್ಲ ಒಬ್ಬೊಬ್ಬರಿಗೇ ಕರೆ ಮಾಡಿ, ನನ್ನ ಎಚ್ಚರಗೇಡಿತನದಿಂದ ಹೀಗಾಗಿದೆ, ನಿಮ್ಮ ದನ ಜೋಪಾನ ಎಂದು ಹೇಳಿದರು. ಫೋನಿನ ಆಚೆಯವರಿಗೆ ಕಾಣುತ್ತದೆಯೋ ಎಂಬಂತೆ ಪ್ರತಿ ಸಲವೂ ಬಗ್ಗಿದರು. ಯಾರೂ ನೋಡಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಚ್ಚಿಟ್ಟುಕೊಳ್ಳಬಹುದಾಗಿತ್ತಲ್ಲ ಎಂದು ರಘು ನನ್ನ ಕಿವಿಯಲ್ಲಿ ಅಂದ. ಅದೇ ಮಾತು ನನ್ನ ನಾಲಿಗೆಯ ತುದಿಯಲ್ಲೂ ಇದ್ದದ್ದು ನೆನೆದು ನಾಚಿಕೆಯಾಯಿತು. ನಮ್ಮ ಬಗ್ಗೆ, ಇಂಡಿಯಾದವರ ಬಗ್ಗೆ, ಅವರು ಯಾರಿಗೂ ಒಂದು ಮಾತೂ ಹೇಳಲಿಲ್ಲ ಎಂದು ಇಂಚರ ಹೇಳಿದಳು.

"ಈ ಸಲದ ಸಂತೆಗೆ ಕರುಗಳನ್ನ ಕಳಿಸಲ್ಲ ಅಂತ ಹೇಳಿದ್ರು" ಎಂದ ರಘು.

ಅತ್ತೆ ಮೊದಲ ಬಾರಿಗೆ ಬಾಯಿಬಿಟ್ಟರು. "ಸಂತೆಗ್ಯಾಕೆ? ಹಾಲು ಕೊಡೋ ದನ ಮಾರ್ತಾರಾ?"

ಇಂಚರ ಚಹದ ಬಟ್ಟಲು ಕೆಳಗಿಟ್ಟು, "ಹಾಲಿಗಲ್ಲ ಅಜ್ಜಿ. ಮೀಟ್‌ಗೆ. ಈ ಕೌಸ್ ಎಲ್ಲಾ ಮೀಟ್‌ಗೆ. ಆ ಕಲ್ಲು ಇದೆಯಲ್ಲ, ಅದು ಹೋಗಿರೋ ಕೌಸ್‌ಗೆ ಪ್ರೇಯರ್ ಮಾಡೋಕೆ" ಎಂದಳು.

ಅತ್ತೆಯ ಕೈ ತಾನೇ ತಾನಾಗಿ ಕೊರಳ ಸರಕ್ಕೆ ಹೋಯಿತು. ನಾನು ಅವರ ಮುಖ ನೋಡಲಾರದೆ ಕಿಟಕಿಯಾಚೆ ನೋಡಿದೆ. ಸಾಯಿಸಲು ಸಾಕುವವರು ಸತ್ತದ್ದಕ್ಕೆ ಹೂವಿಟ್ಟು ನೀರಿಡುವುದೇ? ನನಗೆ ಮೊದಲು ಸಿಟ್ಟೇ ಬಂತು. ಆದರೆ ಕಿಟಕಿಯಾಚೆ ಸಸಾಕಿ ಸಾನ್ ಗೌರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಯೊಳಗೆ ಬೆರಳಾಡಿಸಿ ಹುಣ್ಣು ಹುಡುಕುತ್ತಿದ್ದರು. ನಾನು ಇಂಚರಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಹಾಗೆಯೇ ಆ ಕೈ ಇತ್ತು. ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಹೆಣ್ಣು ಕರುಗಳನ್ನ ಕೆಲವನ್ನ ಮನೇಲೇ ಇಟ್ಟುಕೊಳ್ತಾರಂತೆ ಅಮ್ಮ" ಎಂದು ರಘು ಸಮಾಧಾನ ಹೇಳಿದ. ಅತ್ತೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮತ್ತೆ ನಿಶಿ ಕಸಾಯಿ

ಟೋಕಿಯೋಗೆ ಮರಳಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ನಗಲಿಲ್ಲ. ಸಸಾಕಿ ಸಾನ್ ಎರಡು ವಾರ ಕಾಯಬೇಕು, ಆಮೇಲೆ ತಾನೇ ಫೋನ್ ಮಾಡುತ್ತೇನೆ ಎಂದಿದ್ದರು. ಫೋನ್ ಗುಂಯ್‌ಗುಟ್ಟಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ. ಆಫೀಸಿನಿಂದ ಬಂದ ರಘು ಶೂ ಬಿಡುವ ಮೊದಲೇ "ಏನಾದ್ರೂ ಗೊತ್ತಾಯ್ತಾ?" ಎನ್ನುತ್ತಿದ್ದ. ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಗೆಳತಿಯರು ಕ್ಯಾಂಪಿಂಗ್ ಹೇಗಿತ್ತು ಎಂದರೆ ಚೆನ್ನಾಗಿತ್ತು ಎಂದು ಬೇಗ ಬೇಗ ಬೇಳೆ ಕಟ್ಟಿಸಿಕೊಂಡು ಬರುತ್ತಿದ್ದೆ. ಮುಚ್ಚಿಡುವುದರಲ್ಲಿ ನಾನು ಆಗಲೂ ಹುಷಾರಿ.

ಅತ್ತೆ ಮಾತ್ರ ದಿನವೂ ದೇವರ ಮುಂದೆ ಬಹಳ ಹೊತ್ತು ಕೂರುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಹೇಳಿದರು.

"ನಂಜುಂಡನಿಗೆ ಹರಕೆ ಹೊತ್ತಿದೀನಿ ಕಣೇ. ವೈದ್ಯರಿಗೆಲ್ಲ ವೈದ್ಯ ಅವನು. ಆ ಹೆಣ್ಣುಮಗಳ ಕೊಟ್ಟಿಗೇಲಿ ಒಂದಕ್ಕೂ ಕಾಯಿಲೆ ಬರದೆ ಇದ್ರೆ, ಊರಿಗೆ ಹೋದ ತಕ್ಷಣ ನಂಜನಗೂಡಿಗೆ ಹೋಗಿ ಅಭಿಷೇಕ ಮಾಡಿಸ್ತೀನಿ. ಮೊದಲು ಗೌರಿ ಹೆಸರು ಹೇಳಿದೀನಿ, ಆಮೇಲೆ ಉಳಿದವು."

"ಆಗಲಿ ಅತ್ತೆ" ಎಂದೆ.

ಕೊನೆಗೂ ಒಂದು ಸಂಜೆ ಫೋನ್ ಬಂತು. ಇಂಚರ ಸ್ಪೀಕರಿಗೆ ಹಾಕಿದಳು. ಸಸಾಕಿ ಸಾನ್ ಅವರ ಎಳೆತದ ಮಾತಿನ ನಡುವೆ ನನಗೆ ಮೊದಲು ಕೇಳಿಸಿದ್ದು 'ಗೆಂಕಿ' ಎಂಬ ಪದ. ಆರೋಗ್ಯ! ಡಾಕ್ಟರರು ಮತ್ತೆ ಬಂದು ನೋಡಿದರಂತೆ, ಒಂದು ದನಕ್ಕೂ ಏನೂ ಆಗಿಲ್ಲ. ಅಕ್ಕಪಕ್ಕದವರ ದನಗಳೂ ಚೆನ್ನಾಗಿವೆ. ರಘು ಗೋಡೆಗೆ ಒರಗಿ ಉಸಿರು ಬಿಟ್ಟ. ನಾನು ಅತ್ತುಬಿಟ್ಟೆ. ಅತ್ತೆ ಎರಡೂ ಕೈ ಎತ್ತಿ ಮುಗಿದು, "ನಂಜುಂಡಾ, ಕಾಪಾಡಿದೆಯಪ್ಪ" ಎಂದರು.

ಆಮೇಲೆ ಫೋನಿನ ಹತ್ತಿರ ಸರಿದು, "ಪುಟ್ಟಿ, ಗೌರಿ ಹೇಗಿದಾಳೆ ಕೇಳು" ಎಂದರು.

ಇಂಚರ ಕೇಳಿದಳು. ಸಸಾಕಿ ಸಾನ್ ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದರು. ಕಡೆಯಲ್ಲಿ ಸುಮಿಮಾಸೆನ್ ಎಂದರು. ಇಂಚರ ಫೋನ್ ಇಟ್ಟು ಅಜ್ಜಿಯ ಮುಖ ನೋಡಿದಳು.

"ಅವಳು ನಿನ್ನೆ ಸಂತೆಗೆ ಹೋದ್ಲಂತೆ ಅಜ್ಜಿ. ಫುಲ್ ಹೆಲ್ದಿ ಇದಾಳೆ ಅಂತ ಡಾಕ್ಟರ್ ಹೇಳಿದ್ರಂತೆ. ಅದಕ್ಕೇ ಕಳಿಸೋಕಾಯ್ತಂತೆ."

ಅತ್ತೆ ನೆಲ ನೋಡುತ್ತಾ ಕೂತರು. ನಾನೇ ಅವರ ಪಕ್ಕ ಹೋಗಿ ಕೂತು, "ಹೋಗಲಿ ಬಿಡಿ ಅತ್ತೆ. ಇನ್ನು ಆ ಹರಕೆ ಗಿರಕೆ ಏನೂ ಬೇಡ" ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ಯಾಕೆ ಬೇಡ? ಕಾಯಿಲೆ ಬರದೆ ಇರಲಿ ಅಂತ ಕೇಳ್ದೆ, ಅವನು ಕೊಟ್ಟ. ಬದುಕಿಸು ಅಂತ ನಾನು ಕೇಳಲೇ ಇಲ್ಲವಲ್ಲೇ."